ಪುನರ್ಪುಳಿ, ಅರಶಿನ, ರಂಗುಮಾಲೆ: ಬದಿಯಡ್ಕ ಕಡೆಯ ಒಂದು ಮನೆ ಘಟಕದ ಬಣ್ಣದ ಕಡತ

ಹಿಡಿದ ಕೆಲಸ ಇದು: ಕರ್ನಾಟಕದ ಗಡಿಗೆ ಹತ್ತಿರದ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ–ಪೆರ್ಲ ದಾರಿಯ ಒಂದು ಸಣ್ಣ ಮನೆ ಘಟಕದಲ್ಲಿ ಆಗುವ ಪುನರ್ಪುಳಿ (ಮುರುಗಲು) ಸಿರಪ್, ನೇಂದ್ರ ಚಿಪ್ಸ್, ಉದ್ದಿನ ಹಪ್ಪಳ, ಮಿಕ್ಸ್‌ಚರ್, ಐಸ್‌ಕ್ಯಾಂಡಿ, ಈ ಐದಕ್ಕೂ ಡಬ್ಬಿಯ ಬಣ್ಣ ಬಿಟ್ಟು ಗಿಡದ ಬಣ್ಣವನ್ನೇ ಕೂರಿಸುವುದು. 2024ರ ಫೆಬ್ರವರಿಯಲ್ಲಿ ತಮಿಳುನಾಡು ಬಣ್ಣದ ಬೊಂಬಾಯಿ ಮಿಠಾಯಿ ನಿಲ್ಲಿಸಿತು. ಮಾರ್ಚಿನಲ್ಲಿ ಕರ್ನಾಟಕವೂ ಅದನ್ನು, ಜತೆಗೆ ಗೋಬಿ ಮಂಚೂರಿಗೆ ಹಾಕುವ ಬಣ್ಣವನ್ನು ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿನ ಸರದಿ. ಮಿಠಾಯಿಯಲ್ಲಿ ಸಿಕ್ಕಿಬಿದ್ದ ರೋಡಮೈನ್-ಬಿ ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ತಿನ್ನುವ ವಸ್ತುವಿಗೆ ಅದಕ್ಕೆ ಅನುಮತಿಯೇ ಇಲ್ಲ. ಅಂದಿನಿಂದ ಗಡಿಯ ಆಚೆ ಈಚೆ ಎರಡೂ ಕಡೆ ಗಿರಾಕಿ ಪೊಟ್ಟಣ ತಿರುಗಿಸಿ ನೋಡುತ್ತಾನೆ.

ಡಬ್ಬಿಯ ಬಣ್ಣಕ್ಕೆ ಒಗ್ಗಿದ ಕೈ ಮೊದಲು ಎಡವುವುದು ಪ್ರಮಾಣದಲ್ಲಿ. ಅನುಮತಿ ಇರುವ ಕೃತಕ ಬಣ್ಣಗಳಿಗೆ, ಅವನ್ನು ಹಾಕಬಹುದಾದ ಹೆಚ್ಚಿನ ತಿಂಡಿಗಳಲ್ಲಿ, ಮಿತಿ ಕಿಲೋಗೆ 100 ಮಿಲಿಗ್ರಾಂ. ಅಂದರೆ ಒಂದು ಚಿಟಿಕೆಯಲ್ಲಿ ಕೆಲಸ ಮುಗಿಯಿತು, ಯಾವ ಹೊತ್ತಿಗೆ ಯಾವ ಪಾತ್ರೆಗೆ ಹಾಕಿದರೂ ನಡೆಯಿತು. ಗಿಡದ ಬಣ್ಣ ಹಾಗಲ್ಲ. ಅದಕ್ಕೆ ಹುಳಿ ಎಷ್ಟು, ನೀರೋ ಎಣ್ಣೆಯೋ, ಎಷ್ಟು ಬಿಸಿ, ಎಷ್ಟು ಬೆಳಕು, ಕಬ್ಬಿಣ ತಾಗಿತೋ ಎಂಬ ಐದು ಪ್ರಶ್ನೆ ಕೇಳದೆ ಒಲೆ ಹಚ್ಚಿದರೆ ಸಾಮಾನು ಹಾಳು. ಇವುಗಳಲ್ಲಿ ಹುಳಿಯದೇ ದೊಡ್ಡ ಕಾರುಬಾರು. ಹಾಗಾಗಿ ಪ್ರತಿ ತಿಂಡಿಯ ಪಿಎಚ್ (ಹುಳಿ-ಕ್ಷಾರದ ಅಳತೆ; ಅಂಕಿ 7ಕ್ಕಿಂತ ಇಳಿದಷ್ಟೂ ಹುಳಿ, ಏರಿದಷ್ಟೂ ಕ್ಷಾರ) ಅಳೆದ ಮೇಲೆಯೇ ಅದಕ್ಕೆ ಬಣ್ಣ ಗೊತ್ತುಮಾಡಿದ್ದು.

ಸಲಕರಣೆ

ಪಿಎಚ್ ಪೆನ್ ಒಂದು, ಜತೆಗೆ 4.00 ಮತ್ತು 6.86ರ ಬಫರ್ ಪುಡಿ. ಪುಡಿಯನ್ನು ನೀರಿನಲ್ಲಿ ಕರಗಿಸಿದರೆ ಪಿಎಚ್ ಗೊತ್ತಿರುವ ದ್ರಾವಣ ಆಗುತ್ತದೆ; ಕೆಲಸದ ದಿನ ಬೆಳಿಗ್ಗೆ ಪೆನ್ನನ್ನು ಎರಡರಲ್ಲೂ ಅದ್ದಿ ಸರಿಮಾಡಿಕೊಳ್ಳಬೇಕು. ಅಗ್ಗವೆಂದು ಪಿಎಚ್ ಕಾಗದ ತಂದರೆ ಪುನರ್ಪುಳಿ ರಸದಲ್ಲಿ ಕಾಗದವೇ ಕೆಂಪಾಗಿ ಏನೂ ಗೊತ್ತಾಗದು. 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ, 200 ಡಿಗ್ರಿವರೆಗಿನ ಥರ್ಮಾಮೀಟರ್, ಸಿರಪ್ಪಿಗೆ 58ರಿಂದ 90 ಬ್ರಿಕ್ಸ್ (ನೂರರಲ್ಲಿ ಸಕ್ಕರೆಯ ಪಾಲು) ಅಳೆಯುವ ರಿಫ್ರಾಕ್ಟೋಮೀಟರ್. ಇದನ್ನು ಕೊಳ್ಳುವಾಗ ಜಾಗ್ರತೆ: ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು 0–32ರದು. ಅದು ಹಣ್ಣಿನ ರಸಕ್ಕೆ ಆಯಿತು, ಸಿರಪ್ಪಿಗೆ ಮುಟ್ಟದು. ಪಾತ್ರೆಗಳು ಸ್ಟೀಲ್, ಗಾಜು ಅಥವಾ ಪಿಂಗಾಣಿ ಭರಣಿ. ಅಲ್ಯುಮಿನಿಯಂ, ಹಿತ್ತಾಳೆ, ಕಬ್ಬಿಣ ಹುಳಿಯ ಕೆಲಸಕ್ಕೆ ಹತ್ತಿರವೂ ಬೇಡ. ಸೋಸಲು ಒಗೆದು ಗಂಜಿ ಪೂರ್ತಿ ಹೋದ ತೆಳು ಬೈರಾಸು. ಕೊನೆಗೆ ನಾಲ್ಕು ಹಾಳೆ ಕಪ್ಪು ಚಾರ್ಟ್ ಪೇಪರ್. ಇದರ ಉಪಯೋಗ ಮುಂದೆ ಬರುತ್ತದೆ.

ನೀರು

ಈ ಭಾಗದ ಮುರಕಲ್ಲಿನ ನೆಲದಲ್ಲಿ ಬಾವಿಯ ನೀರು, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲದ ಕಡೆಗೆ ವಾಲಿದ್ದು. ಆಳದ ಬೋರ್‌ವೆಲ್ ನೀರು ಹೆಚ್ಚಾಗಿ ಕ್ಷಾರದ ಕಡೆಗೆ. ಕೆಲವು ಕಡೆ ಕಬ್ಬಿಣವೂ ಇದೆ. ಒಂದೇ ಅಂಗಳದ ಎರಡು ನಲ್ಲಿಗಳಲ್ಲಿ ಒಂದೇ ಹೂವು ಎರಡು ಬಣ್ಣ ಕೊಡುವುದು ಇದರಿಂದಲೇ.

ಪೆನ್ ಇಲ್ಲದವರಿಗೂ ಒಂದು ಪರೀಕ್ಷೆ ಇದೆ, ಸಾಮಾನು ಊರಿನ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಹೋಟೆಲುಗಳಲ್ಲಿ ಕುಡಿಯುವ ನೀರಿಗೆ ಹಾಕುವ ಪದಿಮುಗಂ ಚಕ್ಕೆ, ಅಂದರೆ ಸಪ್ಪಂಗದ ಮರದ ತಿರುಳು. 5 ಗ್ರಾಂ ಚಕ್ಕೆಯನ್ನು 200 ಮಿ.ಲೀ. ನೀರಿನಲ್ಲಿ ಐದು ನಿಮಿಷ ಕುದಿಸಿ ಗಟ್ಟಿ ಕಷಾಯ ಮಾಡಿ. ಎರಡು ಗಾಜಿನ ಲೋಟಗಳಲ್ಲಿ ಎರಡು ಕಡೆಯ ತಣ್ಣೀರು ಹಿಡಿದು ತಲಾ ಹತ್ತು ಹನಿ ಬಿಡಿ. ಸುರಂಗದ ನೀರಿನ ಲೋಟ ಹಳದಿ-ಕಿತ್ತಳೆಯಲ್ಲಿ ನಿಂತಿತು, ಪೆನ್ನಿನಲ್ಲಿ 5.8. ಬೋರ್ ನೀರಿನ ಲೋಟ ತೊಂಡೆಹಣ್ಣಿನ ಕೆಂಪಿಗೆ ತಿರುಗಿತು, ಪೆನ್ನಿನಲ್ಲಿ 7.9. ಆ ಕೆಂಪಿನ ಲೋಟಕ್ಕೆ ಲಿಂಬೆಯ ಎರಡು ಹನಿ ಬಿದ್ದ ಕೂಡಲೇ ಅದೂ ಹಳದಿ. ನೀರನ್ನೇ ನೇರ ಕುದಿಸಿ ಪರೀಕ್ಷೆ ಮಾಡಬಾರದು. ಕುದಿಯುವಾಗ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹಾರಿ ಪಿಎಚ್ ಮೇಲೇರುತ್ತದೆ, ಸುರಂಗದ ನೀರೂ ಗುಲಾಬಿಯಾಗಿ ಮೋಸ ಮಾಡುತ್ತದೆ.

ಕಬ್ಬಿಣ ಇದೆಯೋ ನೋಡಲು ಹಾಲಿಲ್ಲದ ಗಟ್ಟಿ ಚಹಾ ಸಾಕು. ಸಂಶಯದ ನೀರಿಗೆ ಒಂದು ಚಮಚ ಬೆರೆಸಿದಾಗ ಮಸಿಯ ಛಾಯೆ ಬಂದರೆ ಆ ನೀರನ್ನು ಬಣ್ಣದ ಕೆಲಸಕ್ಕೆ ಮುಟ್ಟುವಂತಿಲ್ಲ. ಬೇರೆ ನೀರು ಇಲ್ಲದಿದ್ದರೆ ಎರಡು ಬಾಲ್ದಿಗಳ ನಡುವೆ ಹತ್ತಿಪ್ಪತ್ತು ಸಲ ಎತ್ತರದಿಂದ ಹೊಯ್ದು ಗಾಳಿಯಾಡಿಸಿ, ರಾತ್ರಿಯಿಡೀ ಬಿಟ್ಟು, ತಳದ ಕೆಂಪು ಕದಡದಂತೆ ಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಈ ಕಡತದ ಎಲ್ಲ ಬ್ಯಾಚೂ ಸುರಂಗದ ನೀರನ್ನು ಕುದಿಸಿ ಆರಿಸಿ ಮಾಡಿದ್ದು.

ಪುನರ್ಪುಳಿ ಸಿರಪ್

ಇಲ್ಲಿ ಬಣ್ಣ ಹೊರಗಿಂದ ತರುವ ಮಾತೇ ಇಲ್ಲ. ಇದ್ದ ಬಣ್ಣ ಕಳೆಯದಂತೆ ನೋಡಿಕೊಳ್ಳುವುದೇ ಕೆಲಸ. ಪುನರ್ಪುಳಿ, ಘಟ್ಟದ ಮೇಲಿನವರ ಮುರುಗಲು, ಸಿಪ್ಪೆಯಲ್ಲಿ ಆಂಥೋಸಯನಿನ್ ಎಂಬ ಕೆಂಪು ಬಣ್ಣ ತುಂಬಿಕೊಂಡ ಹಣ್ಣು. ಮಲಯಾಳದವರು ಪುಳಿ ಅಂದಾಗ ಕೊಡಂಪುಳಿ ಕೊಟ್ಟುಬಿಡುವುದುಂಟು. ಅದು ನಮ್ಮ ಉಪ್ಪಾಗೆ, ಮೀನಿನ ಸಾರಿಗೆ ಸರಿ, ಕೆಂಪು ಬಣ್ಣ ಅದರಲ್ಲಿಲ್ಲ.

ಪೂರಾ ಕಪ್ಪುಗೆಂಪಾದ ಹಣ್ಣು 10 ಕಿಲೋ. ಅರೆಹಣ್ಣು ಬೆರೆಸಿದರೆ ಹುಳಿ ಬರುತ್ತದೆ, ಬಣ್ಣ ಬರುವುದಿಲ್ಲ. ತೊಳೆದು, ನೀರಿನ ಪಸೆ ಪೂರ್ತಿ ಆರುವವರೆಗೆ ಫ್ಯಾನಿನಡಿ ಹರಡಿ, ಸ್ಟೀಲ್ ಚೂರಿಯಲ್ಲಿ ಅಡ್ಡ ಸೀಳಿ ಬೀಜ ತೆಗೆದಾಗ ಓಡು ಸುಮಾರು 5 ಕಿಲೋ ಉಳಿಯಿತು. ಬೀಜವನ್ನು ಎಸೆಯಬೇಡಿ, ಒಣಗಿಸಿದರೆ ಪುನರ್ಪುಳಿ ತುಪ್ಪಕ್ಕಾಯಿತು. ಓಡಿಗೆ ಇಮ್ಮಡಿ ಸಕ್ಕರೆ, 10 ಕಿಲೋ. ಭರಣಿಯಲ್ಲಿ ಒಂದು ಪದರ ಓಡು, ಒಂದು ಪದರ ಸಕ್ಕರೆ. ಓಡಿನ ಬಟ್ಟಲುಗಳು ಮೇಲ್ಮುಖವಾಗಿರಲಿ, ಸಕ್ಕರೆ ಅದರೊಳಗೇ ನಿಲ್ಲುತ್ತದೆ. ಮೇಲಿನ ಪದರ ಸಕ್ಕರೆಯದೇ ಆಗಬೇಕು. ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳ ಹಾಕಿ ಅಂಗಳದ ಬಿಸಿಲಿನಲ್ಲಿ ಎಂಟು ದಿನ, ರಾತ್ರಿ ಒಳಗೆ. ಬಿಸಿಲಿನ ಬಿಸಿ ಬೇಕು, ಬೆಳಕು ಬೇಡ. ಅದಕ್ಕೇ ಭರಣಿ. ಗಾಜಿನ ಜಾಡಿಯಲ್ಲಿ ಬಿಸಿಲಿಗಿಟ್ಟು ಚೆಂದ ನೋಡುವವರ ಸಿರಪ್ ಮಳೆಗಾಲ ಹಿಡಿಯುವ ಹೊತ್ತಿಗೆ ಇಟ್ಟಿಗೆ ಬಣ್ಣಕ್ಕೆ ಬಂದಿರುತ್ತದೆ.

ಎರಡನೇ ದಿನ ಸಕ್ಕರೆ ಒದ್ದೆ ಮರಳಿನ ಹಾಗೆ. ನಾಲ್ಕನೇ ದಿನ ಓಡು ಮುದುಡಿ ತೇಲತೊಡಗಿತು, ಬ್ರಿಕ್ಸ್ 61. ದಿನಕ್ಕೊಮ್ಮೆ ಒಣ ಮರದ ಸೌಟಿನಲ್ಲಿ ತಳದಿಂದ ಎತ್ತಿ ಮಗುಚಬೇಕು. ಎಂಟನೇ ದಿನ 67. ತಳದಲ್ಲಿ ಕರಗದ ಸಕ್ಕರೆ ಇನ್ನೂ ಇತ್ತು, ಅದು ಸಹಜ: ಓಡಿನ ನೀರು ಹಿಡಿಯಬಲ್ಲಷ್ಟು ಸಕ್ಕರೆ ಹಿಡಿದು ತೃಪ್ತವಾಯಿತು. ಅದನ್ನು ಕರಗಿಸಲೆಂದು ಒಲೆಗಿಡಬಾರದು. ಸಿರಪ್ಪನ್ನು ತಾನಾಗಿ ಇಳಿಯಬಿಡಿ, ಓಡು ಹಿಂಡಬೇಡಿ. ಹಿಂಡಿದರೆ ಪೆಕ್ಟಿನ್ ಎಂಬ ಹಣ್ಣಿನ ಅಂಟು ಬಂದು ಕಲಕಾಗುತ್ತದೆ, ಬಾಟಲಿಯಲ್ಲಿ ಎರಡು ವಾರಕ್ಕೆ ಲೋಳೆಯಂಥ ಗಸಿ ಕೂರುತ್ತದೆ. ಪಿಎಚ್ 2.4 ಸಿಕ್ಕಿತು. ಆಂಥೋಸಯನಿನ್ನಿಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ; ಪಿಎಚ್ 3ರ ಕೆಳಗೆ ಅದು ಅಪ್ಪಟ ಕೆಂಪಾಗಿ ಗಟ್ಟಿ ಕೂತಿರುತ್ತದೆ.

ಬ್ರಿಕ್ಸ್ 65ಕ್ಕಿಂತ ಕಡಿಮೆ ಬಂದರೆ ಬಾಟಲಿಗೆ ತುಂಬಬಾರದು. ಜೂನಿನ ತೇವದ ಗಾಳಿಯಲ್ಲಿ ಅರೆ ತುಂಬಿದ ಭರಣಿಯ ಮೇಲ್ಪದರ ನೀರು ಹೀರಿ ತೆಳುವಾಗುತ್ತದೆ, ಯೀಸ್ಟ್ ನೊರೆ ಏಳುತ್ತದೆ, ಮುಚ್ಚಳ ತಿರುಗಿಸಿದರೆ ಬುಸ್ಸೆನ್ನುತ್ತದೆ. ಸಕ್ಕರೆ ಸೇರಿಸಿ 67–68ಕ್ಕೆ ತಂದರೆ ನೊರೆ ಬರುವ ಮೊದಲಾದರೆ ಉಳಿಯಿತು, ಬಂದ ಮೇಲೆ ಆ ಭರಣಿ ಹೋಯಿತೆಂದೇ ಲೆಕ್ಕ.

ಇಲ್ಲಿ ಐದು ಬಾಟಲಿಗಳ ಪರೀಕ್ಷೆ ಇಟ್ಟೆವು. ಪ್ರತಿಯೊಂದರ ಎಡ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಬೆಳಿಗ್ಗೆಯ ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ತಿಂಗಳು. ಸಿರಪ್ ಬಾಟಲಿಯೊಳಗೆ ಕಲಕಾಡುವುದರಿಂದ ಕಾಗದ ಅರ್ಧಕ್ಕೆ ಸುತ್ತಿದ್ದು ದಡ್ಡತನ, ಎರಡು ಬದಿಗೂ ಒಂದೇ ಬಣ್ಣ ಬಂತು. ಅದನ್ನು ತಿದ್ದಿ ತಲಾ ಎರಡೆರಡು ಬಾಟಲಿ ಮಾಡಿ, ಒಂದನ್ನು ಪೂರ್ತಿ ಮುಚ್ಚಿ ಇನ್ನೊಂದನ್ನು ತೆರೆದಿಟ್ಟು ಮತ್ತೆ ಶುರುಮಾಡಬೇಕಾಯಿತು. ಹಾಗೇ ಇಟ್ಟ ಹಸಿ ಸಿರಪ್, ಮುಚ್ಚಿದ್ದು: ಮೊದಲ ದಿನದ ಹಾಗೆಯೇ. ತೆರೆದದ್ದು: ಅಂಚಿನಲ್ಲಿ ಕಂದು ಛಾಯೆ. 85 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಕಾಯಿಸಿದ್ದು: ತುಂಬಿದ ದಿನವೇ ಕೆಂಪು ತುಸು ಇಳಿದಿತ್ತು, ತಿಂಗಳಿಗೆ ಮುಚ್ಚಿದ್ದರಲ್ಲೂ ಇಟ್ಟಿಗೆ ಬಣ್ಣ. ಇಷ್ಟು ಹುಳಿಯಲ್ಲಿ ಸಕ್ಕರೆ ಕಾದರೆ ಅದೂ ಒಡೆದು ಕಂದಾಗುವುದಕ್ಕೆ ಕೈಜೋಡಿಸುತ್ತದೆ. ಮೂರನೆಯದಕ್ಕೆ ಕೆಎಂಎಸ್, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ ಸಂರಕ್ಷಕ: ಕಣ್ಣೆದುರೇ ಬಣ್ಣ ಇಳಿದು ಮಂಕಾಯಿತು. ಗಂಧಕದ ಡೈಆಕ್ಸೈಡ್ ಆಂಥೋಸಯನಿನ್ನಿಗೆ ಅಂಟಿ ಅದನ್ನು ಬಣ್ಣವಿಲ್ಲದ್ದಾಗಿ ಮಾಡುತ್ತದೆ. ಕೆಎಂಎಸ್ ಮಾವು, ಲಿಂಬೆ, ಅನಾನಸಿಗೆ ಇರಲಿ.

ನಾಲ್ಕನೆಯದಕ್ಕೆ ಹತ್ತರಲ್ಲೊಂದು ಪಾಲು ನೆಲ್ಲಿಕಾಯಿ ರಸ. ಆರೋಗ್ಯದ ಹೆಸರಿನಲ್ಲಿ ಈ ಜೋಡಿ ಮಾರುಕಟ್ಟೆಯಲ್ಲಿ ಚೆನ್ನಾಗಿ ಓಡುತ್ತದೆ, ಆದರೆ ಬಣ್ಣಕ್ಕೆ ಇದು ಶತ್ರು. ನೆಲ್ಲಿಯ ವಿಟಮಿನ್ ಸಿ ಗಾಳಿಯ ಜತೆ ಸೇರಿ ಆಂಥೋಸಯನಿನ್ನನ್ನು ಬೇಗ ಮಾಸಿಸುತ್ತದೆ. ತಿಂಗಳ ಕೊನೆಗೆ ಐದರಲ್ಲಿ ಅತಿ ಕೆಟ್ಟ ಬಣ್ಣ ಎರಡಕ್ಕಿತ್ತು, ಒಂದು ಇದು. ಇನ್ನೊಂದು ಐದನೆಯದು, ಬಣ್ಣ ಏರಿಸಲೆಂದು ಬೀಟ್‌ರೂಟ್ ರಸ ಬೆರೆಸಿದ್ದು. ಬೀಟ್‌ರೂಟಿನ ಕೆಂಪು ಬಣ್ಣವಾದ ಬೆಟಾನಿನ್ ನೆಮ್ಮದಿಯಿಂದ ಇರುವುದು ಪಿಎಚ್ 4ರಿಂದ 6ರೊಳಗೆ, 2.4ರ ಹುಳಿಯಲ್ಲಿ ಅದು ಕಂದುಗಟ್ಟಿ ಪುನರ್ಪುಳಿಯ ಸ್ವಂತ ಬಣ್ಣವನ್ನೂ ಮಣ್ಣು ಮಾಡಿತು. ಪ್ರಕೃತಿಯೇ ಇವೆರಡನ್ನು ಒಂದೇ ಗಿಡದಲ್ಲಿ ಇಟ್ಟಿಲ್ಲ. ಬೆಟಾಲಿನ್ (ಬೆಟಾನಿನ್ ಸೇರಿರುವ ಬಣ್ಣದ ಗುಂಪು) ಇರುವ ಗಿಡದಲ್ಲಿ ಆಂಥೋಸಯನಿನ್ ಸಿಗುವುದಿಲ್ಲ.

ಸಿರಪ್ಪಿಗೆ ಸಂರಕ್ಷಕ ಬೇಕಿಲ್ಲ, ಸಕ್ಕರೆಯೇ ಸಾಕು. 45 ಬ್ರಿಕ್ಸಿನ ಸ್ಕ್ವಾಷ್ ಮಾಡುವುದಿದ್ದರೆ ಸೋಡಿಯಂ ಬೆಂಜೋಯೇಟ್ ಕಿಲೋಗೆ 0.7 ಗ್ರಾಂ. ಸ್ಕ್ವಾಷಿಗೆ ಮಿತಿ 600 ಪಿಪಿಎಂ (ಕಿಲೋಗೆ 600 ಮಿಲಿಗ್ರಾಂ) ಎಂದಿರುವುದು ಬೆಂಜೋಯಿಕ್ ಆಮ್ಲದ ಲೆಕ್ಕದಲ್ಲಿ. ಉಪ್ಪಿನ ರೂಪದಲ್ಲಿ ಅದು 700 ಮಿಲಿಗ್ರಾಂ ಚಿಲ್ಲರೆ ಆಗುತ್ತದೆ. 10 ಕಿಲೋಗೆ 7 ಗ್ರಾಮನ್ನು 50 ಮಿ.ಲೀ. ಬಿಸಿನೀರಿನಲ್ಲಿ ಮೊದಲು ಕರಗಿಸಿ, ಸ್ಕ್ವಾಷ್ ಕಲಕುತ್ತಾ ನೂಲಿನಂತೆ ಬಿಡಬೇಕು. ಪುಡಿಯನ್ನೇ ಹುಳಿಗೆ ಸುರಿದರೆ ಬೆಂಜೋಯಿಕ್ ಆಮ್ಲ ಬಿಳಿ ಹರಳಾಗಿ ಮೇಲೆ ತೇಲುತ್ತದೆ. ಗಿರಾಕಿ ಅದನ್ನು ಬೂಷ್ಟು ಹಿಡಿದದ್ದೆಂದು ವಾಪಸು ತರುತ್ತಾನೆ.

ಇನ್ನೊಂದು ದೂರು ಮಾರಿದ ಮೇಲೆ ಬರುವಂಥದ್ದು: "ನೀರು ಬೆರೆಸಿದರೆ ಕಪ್ಪಾಗುತ್ತದೆ". ಸಿರಪ್ಪಿನ ತಪ್ಪಲ್ಲ, ಅವರ ಬೋರಿನ ಕಬ್ಬಿಣ. ಪುನರ್ಪುಳಿಯ ಆಂಥೋಸಯನಿನ್, ಅಂದರೆ ಸಯನಿಡಿನ್ ಬಗೆಯದು, ಕಬ್ಬಿಣವನ್ನು ಹಿಡಿದರೆ ನೇರಳೆ-ನೀಲಿಗೆ ಹೊರಳುತ್ತದೆ. ಬಾಟಲಿಯ ಮೇಲೆ "ಸೋಸಿದ ನೀರಿನಲ್ಲಿ ಬೆರೆಸಿ" ಎಂದು ಒಂದು ಸಾಲು ಅಚ್ಚು ಹಾಕಿಸಿ.

ಅರಶಿನ: ಚಿಪ್ಸಿನಲ್ಲಿ ಗೆಲುವು, ಹಪ್ಪಳದಲ್ಲಿ ಸೋಲು

ನೇಂದ್ರ ಚಿಪ್ಸಿನ ಹಳದಿಗೆ ಟಾರ್ಟ್ರಜಿನ್ ಎಂಬ ಕೃತಕ ಹಳದಿ ಹಾಕುವಂತಿಲ್ಲ, ಬೇಕಾಗಿಯೂ ಇಲ್ಲ. ಬಲಿತ, ಹಣ್ಣಾಗದ ಕಾಯಿ ಸುಲಿದು 1 ಲೀಟರ್ ನೀರು, 5 ಗ್ರಾಂ ಅರಶಿನ, 10 ಗ್ರಾಂ ಉಪ್ಪಿನ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಡಿ. ಸೊನೆ ಬಿಟ್ಟುಹೋಗುತ್ತದೆ, ಮೈಗೆ ಹಳದಿಯೂ ಹಿಡಿಯುತ್ತದೆ. ಬಟ್ಟೆಯಲ್ಲಿ ಒರೆಸಿ, ಸ್ಟೀಲ್ ಅಲಗಿನ ಮಣೆಯಲ್ಲಿ ನೇರ ಎಣ್ಣೆಗೇ ಹೆಚ್ಚಿ. ತೆಂಗಿನೆಣ್ಣೆ 175 ಡಿಗ್ರಿ. ಕಬ್ಬಿಣದ ಅಲಗಾದರೆ ಬಾಳೆಯ ಸೊನೆ ಅದರ ಜತೆ ಸೇರಿ ಬಿಲ್ಲೆಯ ಅಂಚು ಕಪ್ಪು. ಉಪ್ಪು ಹಾಕುವುದು ಎಣ್ಣೆಯಲ್ಲೇ: 100 ಮಿ.ಲೀ. ನೀರಿಗೆ 25 ಗ್ರಾಂ ಉಪ್ಪು, 1 ಗ್ರಾಂ ಅರಶಿನ. ಅರ್ಧ ಕಿಲೋ ಬಿಲ್ಲೆಯ ಒಂದು ಸುತ್ತಿಗೆ ಇದರ ಒಂದು ದೊಡ್ಡ ಚಮಚ. ಬಿಲ್ಲೆಗಳು ಒಂದಕ್ಕೊಂದು ತಾಗಿ ಗಲಗಲ ಅನ್ನತೊಡಗಿದಾಗ ಚಿಮುಕಿಸಬೇಕು, ಉದ್ದ ಹಿಡಿಕೆಯ ಸೌಟಿನಿಂದ, ಮುಖ ದೂರ ಇಟ್ಟು. ಬೇಗ ಹಾಕಿದರೆ ಬಿಲ್ಲೆ ಮೆತ್ತಗೆ, ತಡವಾದರೆ ಉಪ್ಪು ಹಿಡಿಯದೆ ತಳ ಸೇರುತ್ತದೆ. ಅರಶಿನದ ಬಣ್ಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ನೀರು ಬುರುಬುರು ಹಾರಿಹೋದಂತೆ ಬಣ್ಣ ಬಿಲ್ಲೆಯ ಎಣ್ಣೆ ಪಸೆಗೆ ಸೇರಿಕೊಳ್ಳುತ್ತದೆ.

ಉದ್ದಿನ ಹಪ್ಪಳದ ಕತೆ ಬೇರೆ. 1 ಕಿಲೋ ಉದ್ದಿನ ಹಿಟ್ಟು, 60 ಗ್ರಾಂ ಉಪ್ಪು, 10 ಗ್ರಾಂ ಹಪ್ಪಳ ಖಾರ (ಮೆಣಸಿನ ಖಾರವಲ್ಲ, ಸೋಡಾದಂಥ ಕ್ಷಾರದ ಉಪ್ಪು), 3 ಗ್ರಾಂ ಅರಶಿನ. ಕಲಸುತ್ತಿದ್ದಂತೆ ಹಿಟ್ಟಿನಲ್ಲಿ ಅಲ್ಲಲ್ಲಿ ಇಟ್ಟಿಗೆ ಕೆಂಪಿನ ಗೆರೆ. ಖಾರ ಪೂರ್ತಿ ಕರಗದೆ ಉಳಿದ ಕಡೆ ಗೆರೆ ಗಾಢ, ಉಳಿದ ಕಡೆ ಇಡೀ ಹಿಟ್ಟು ಕಂದು. ಅರಶಿನವೇ ಕೆಟ್ಟದ್ದು, ಬಣ್ಣ ಬೆರೆಸಿದ್ದು ಎಂದು ಅಂಗಡಿಯವನ ಮೇಲೆ ಹಾರುವ ಮೊದಲು ಆ ಗೆರೆಯ ಮೇಲೆ ಒಂದು ಹನಿ ಲಿಂಬೆ ರಸ ಬಿಟ್ಟು ನೋಡಬೇಕು. ಹನಿ ಬಿದ್ದಷ್ಟು ಜಾಗ ಮತ್ತೆ ಹಳದಿ. ಹಪ್ಪಳ ಖಾರ ಕ್ಷಾರ. ಪಿಎಚ್ 8 ದಾಟಿದರೆ ಕರ್ಕ್ಯುಮಿನ್ ಕೆಂಪಿಗೆ ತಿರುಗುತ್ತದೆ. ಬಜ್ಜಿ ಹಿಟ್ಟಿಗೆ ಅಡುಗೆ ಸೋಡಾ ಗಂಟಾಗಿ ಬಿದ್ದಲ್ಲಿ ಕೆಂಪು ಚುಕ್ಕೆ ಕಾಣುವುದೂ ಇದರಿಂದಲೇ. ಖಾರವನ್ನು ಮೊದಲೇ ನೀರಿನಲ್ಲಿ ಕರಗಿಸಿದರೆ ಗೆರೆ ಹೋಗುತ್ತದೆ, ಕಂದು ಹೋಗುವುದಿಲ್ಲ. ಹಾಗಾಗಿ ಈ ಹಪ್ಪಳಕ್ಕೆ ಅರಶಿನ ಕೈಬಿಟ್ಟು, ಕೆಳಗೆ ಹೇಳುವ ರಂಗುಮಾಲೆ ಎಣ್ಣೆ ಕಿಲೋಗೆ 8 ಮಿ.ಲೀ. ಹಾಕಿ ಕಲಸಿದೆವು, ತೆಳು ಕಿತ್ತಳೆ ಬಂತು, ನಿಂತಿತು. ಖಾರ ಹಾಕದ ಹಲಸಿನ ಹಪ್ಪಳಕ್ಕೆ ಅರಶಿನ ಧಾರಾಳ ನಡೆಯುತ್ತದೆ.

ರಂಗುಮಾಲೆ ಎಣ್ಣೆ

ಅನಾಟೊ, ಊರಿನ ರಂಗುಮಾಲೆ, ಮಲಯಾಳದ ಕುಪ್ಪಮಂಜಳ್. ಕೆಲವರು ಕುಂಕುಮದ ಕಾಯಿ ಅನ್ನುತ್ತಾರೆ, ಅಲ್ಲೇ ಅಪಾಯ. ಕಾಡಿನಲ್ಲಿ ಇನ್ನೊಂದು ಕುಂಕುಮದ ಮರ ಇದೆ: ಕಡಲೆ ಗಾತ್ರದ ಮೂರು ಹೋಳಿನ ಕಾಯಿ, ಕಾಯಿಯ ಹೊರಮೈ ತುಂಬ ಕೆಂಪು ಪುಡಿ. ಆ ಪುಡಿ ಜಂತುಹುಳಕ್ಕೆ ಕೊಡುತ್ತಿದ್ದ ಭೇದಿ ಮದ್ದು, ತಿಂಡಿಗೆ ಕೂಡದು. ರಂಗುಮಾಲೆಯ ಕಾಯಿ ಮೆದು ಮುಳ್ಳಿನದು, ಎರಡು ಹೋಳಾಗಿ ಬಿರಿಯುತ್ತದೆ, ಬಣ್ಣ ಇರುವುದು ಒಳಗಿನ ಬೀಜದ ಮೇಲೆ. ತರಿಸುವಾಗ ಪುಡಿ ಬೇಡ, ಬೀಜವನ್ನೇ ಕೇಳಿ.

50 ಗ್ರಾಂ ಬೀಜ, 250 ಮಿ.ಲೀ. ತೆಂಗಿನೆಣ್ಣೆ. ಬೀಜ ಕುಟ್ಟಬಾರದು; ಬಣ್ಣ ಮೇಲ್ಪದರದಲ್ಲೇ ಇದೆ, ಕುಟ್ಟಿದರೆ ಒಳಗಿನ ಹಿಟ್ಟು ಬಂದು ಎಣ್ಣೆ ಕಲಕು. ಕುದಿಯುವ ನೀರಿನ ಪಾತ್ರೆಯೊಳಗೆ ಎಣ್ಣೆ ಪಾತ್ರೆ ಇಟ್ಟು ಅರ್ಧ ಗಂಟೆ, ಆಗಾಗ ಕಲಕುತ್ತಾ. ಹೀಗೆ ಮಾಡಿದರೆ ಎಣ್ಣೆ 100 ಡಿಗ್ರಿ ದಾಟುವುದಿಲ್ಲ. ನೇರ ಒಲೆಗಿಟ್ಟು 120 ದಾಟಿಸಿದರೆ ಬೀಜದ ಬಣ್ಣವಾದ ಬಿಕ್ಸಿನ್ ಒಡೆದು ಕಿತ್ತಳೆ ಹೋಗಿ ಬರೀ ಹಳದಿ ಉಳಿಯುತ್ತದೆ. ಸೋಸಿದ ಬೀಜಕ್ಕೆ ಇನ್ನೂ 100 ಮಿ.ಲೀ. ಎಣ್ಣೆ ಹಾಕಿ ಎರಡನೇ ಸಲ ತೆಗೆಯಬಹುದು, ತೆಳು ಬಣ್ಣ.

ಮಿಕ್ಸ್‌ಚರಿನ ಸೇವು, ಬೂಂದಿಗೆ ಇದನ್ನು ಹಿಟ್ಟಿಗೇ ಕಲಸಿ ಕರಿದದ್ದು ಮೊದಲ ಬ್ಯಾಚ್. 180 ಡಿಗ್ರಿಯ ಬಾಣಲೆಯಲ್ಲಿ ಅರ್ಧ ಬಣ್ಣ ಕರಿಯುವ ಎಣ್ಣೆಗೆ ಸೋರಿತು, ಉಳಿದದ್ದು ಹಳದಿಗೆ ಇಳಿಯಿತು. ಮುಂದಿನ ಮೂರು ಸುತ್ತಿನ ಚಕ್ಕುಲಿಯೂ ಕಿತ್ತಳೆಯಾಗಿ ಬಂತು. ಎರಡನೇ ಬ್ಯಾಚಿನಲ್ಲಿ ಬಣ್ಣವಿಲ್ಲದೆ ಕರಿದು, ಎಲ್ಲ ಒಟ್ಟು ಮಾಡಿ ಇನ್ನೂ ಕೈಗೆ ಬೆಚ್ಚಗಿರುವಾಗ ಕಿಲೋಗೆ 10 ಮಿ.ಲೀ. ರಂಗುಮಾಲೆ ಎಣ್ಣೆಯಲ್ಲಿ ಮೆಣಸಿನ ಪುಡಿ, ಇಂಗು ಕದಡಿ ಮೇಲಿಂದ ಹೊಯ್ದು ಮಗುಚಿದ್ದು. ಬಣ್ಣ ಸಮನಾಗಿ ಕೂತಿತು, ಮೆಣಸಿನ ಪುಡಿಯೂ ಉದುರಲಿಲ್ಲ.

ಜಿಲೇಬಿಗೆ ಈ ಎಣ್ಣೆ ಒದಗದು, ಪಾಕದ ಮೇಲೆ ಕಣ್ಣುಕಣ್ಣಾಗಿ ತೇಲುತ್ತದೆ. 100 ಗ್ರಾಂ ಬೀಜ, ಅರ್ಧ ಲೀಟರ್ ನೀರು, 5 ಗ್ರಾಂ ಅಡುಗೆ ಸೋಡಾ, 70 ಡಿಗ್ರಿಯಲ್ಲಿ ಅರ್ಧ ಗಂಟೆ: ನೀರಿಗೆ ಇಳಿಯುವ ಬಣ್ಣ ಸಿಗುತ್ತದೆ. ಆದರೆ ಪಾಕ ಹರಳುಗಟ್ಟದಿರಲೆಂದು ಲಿಂಬೆ ಹಿಂಡಿದ್ದರೆ ಬಣ್ಣ ಕಿತ್ತಳೆ ಚೂರಾಗಿ ತಳ ಸೇರುತ್ತದೆ, ಹುಳಿಯಲ್ಲಿ ಅದು ಕರಗಿ ನಿಲ್ಲುವುದಿಲ್ಲ. ಈ ದಾರಿಯನ್ನು ಅಲ್ಲಿಗೇ ನಿಲ್ಲಿಸಿದೆವು.

ಡಿಸೆಂಬರ್–ಜನವರಿಯ ಬೆಳಗಿನ ಚಳಿಗೆ ತೆಂಗಿನೆಣ್ಣೆ ಹೆಪ್ಪುಗಟ್ಟಿ ಬಾಟಲಿ ಮಬ್ಬಾದರೆ ಗಾಬರಿ ಬೇಡ. ಬಿಸಿನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ಕುಲುಕಿ, ಆಮೇಲೆ ಅಳೆಯಿರಿ. ಹೆಪ್ಪಾದದ್ದನ್ನೇ ಚಮಚದಲ್ಲಿ ತೋಡಿದರೆ ಬಣ್ಣ ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ.

ಬಸಳೆ ಹಣ್ಣು, ಬೀಟ್‌ರೂಟ್

ಬಸಳೆ ಚಪ್ಪರದ ಕಪ್ಪು ಹಣ್ಣು ಮಕ್ಕಳು ಕೈಗೆ ಬಳಿದುಕೊಳ್ಳುವುದಕ್ಕೇ ಮುಗಿಯುತ್ತದೆ, ಆದರೆ ಐಸ್‌ಕ್ಯಾಂಡಿಗೆ ಅದರಷ್ಟು ಚೆಂದದ ಗುಲಾಬಿ ಬೇರೆ ಇಲ್ಲ. ಬೀಟ್‌ರೂಟಿನ ಮಣ್ಣಿನ ವಾಸನೆಯೂ ಇದರಲ್ಲಿಲ್ಲ. ಕೈಯಲ್ಲಿ ಹಿಸುಕಿ ಬಟ್ಟೆಯಲ್ಲಿ ಸೋಸಿ. ಮಿಕ್ಸಿಗೆ ಹಾಕಿದರೆ ಬೀಜ ನುರಿದು ರಸ ಒಗರು. ಸಕ್ಕರೆ ನೀರು ಕುದಿಸಿ 40 ಡಿಗ್ರಿಗೆ ಆರಿದ ಮೇಲೆ ಲೀಟರಿಗೆ 15–20 ಮಿ.ಲೀ. ರಸ, ಕೂಡಲೇ ಅಚ್ಚಿಗೆ, ಕೂಡಲೇ ಫ್ರೀಜರಿಗೆ. ಕುದಿಯುವ ಪಾಕಕ್ಕೆ ಹಾಕಿದ ಬ್ಯಾಚ್ ಹತ್ತು ನಿಮಿಷಕ್ಕೆ ಕಂದು-ಹಳದಿ. ಲಿಂಬೆ ಬೇಕಿದ್ದರೆ ಪಿಎಚ್ 4ರ ಕೆಳಗೆ ಇಳಿಯದಷ್ಟೇ. ಪುನರ್ಪುಳಿಯನ್ನು ಕೆಡಿಸುವ ವಿಟಮಿನ್ ಸಿ ಇಲ್ಲಿ ಮಿತ್ರ: ಬಸಳೆಯ ಬಣ್ಣವೂ ಬೆಟಾಲಿನ್ನೇ, ಅದನ್ನು ವಿಟಮಿನ್ ಸಿ ಗಾಳಿಯಿಂದ ಕಾಯುತ್ತದೆ.

ಬಸಳೆ ಹಣ್ಣು ಸಾಲದ ತಿಂಗಳುಗಳಲ್ಲಿ ಬೀಟ್‌ರೂಟ್. ಮಣ್ಣಿನ ವಾಸನೆ ಹೆಚ್ಚು ಇರುವುದು ಸಿಪ್ಪೆಯಲ್ಲಿ, ದಪ್ಪಕ್ಕೆ ಹೆರೆದು ತೆಗೆಯಿರಿ. ಸ್ಟೀಲ್ ತುರಿಮಣೆಯಲ್ಲೇ ತುರಿಯಿರಿ.

ನೀಲಿ, ಹಸುರು

ಶಂಖಪುಷ್ಪ ಈಗ ಎಲ್ಲರ ಬಾಯಲ್ಲಿದೆ. 5 ಗ್ರಾಂ ಒಣ ಹೂ, ಅರ್ಧ ಲೀಟರ್ ನೀರು, 75 ಡಿಗ್ರಿ, ಹತ್ತು ನಿಮಿಷ. ಸುರಂಗದ ನೀರಿನಲ್ಲಿ ನೇರಳೆ ಬೆರೆತ ನೀಲಿ, ಬೋರ್ ನೀರಿನಲ್ಲಿ ಹಸುರು ಬೆರೆತ ನೀಲಿ. ಲಿಂಬೆ ಬಿದ್ದರೆ ನೇರಳೆಯಾಗಿ, ಇನ್ನೂ ಹುಳಿಗೆ ಗುಲಾಬಿ. ಚೈನಾಗ್ರಾಸಿನ ಜೆಲ್ಲಿಗೆ, ಸೇಮಿಗೆ ಹಿಟ್ಟಿಗೆ ಚೆನ್ನಾಗಿ ಹಿಡಿಯುತ್ತದೆ. ಅಮೆರಿಕದಲ್ಲಿ ಇದರ ಸತ್ವಕ್ಕೆ ಆಹಾರದ ಬಣ್ಣವೆಂದು 2021ರಲ್ಲಿ ಅನುಮತಿ ಸಿಕ್ಕಿತು. ಇಲ್ಲಿ ಮಾರುವ ಪೊಟ್ಟಣಕ್ಕೆ ಹಾಕುವ ಮೊದಲು ಆಹಾರ ಸುರಕ್ಷತಾ ಅಧಿಕಾರಿಯಲ್ಲಿ ಬರಹದಲ್ಲಿ ಕೇಳಿಕೊಳ್ಳಿ. ಪದಿಮುಗಂ ಬಣ್ಣಕ್ಕೂ ಅದೇ ಮಾತು.

ಹಸುರು ಈ ಕಡತದಲ್ಲಿ ಇಲ್ಲ. ಸೊಪ್ಪಿನ ಹರಿತ್ತು ಹುಳಿ ಮತ್ತು ಬಿಸಿ ಒಟ್ಟಾದರೆ ಆಲಿವ್ ಕಂದಾಗುತ್ತದೆ, ಸೋಡಾ ಹಾಕಿ ಉಳಿಸಿದರೆ ರುಚಿ ಸಾಬೂನು. ತಾಮ್ರದ ಪಾತ್ರೆಯಲ್ಲಿ ಬೇಯಿಸಿದರೆ ಹೊಳೆಯುವ ಹಸುರು ಬರುವುದು ನಿಜ. ತಾಮ್ರ ತಿಂಡಿಗೆ ಇಳಿಯುವುದೂ ಅಷ್ಟೇ ನಿಜ.

ಪೊಟ್ಟಣ, ಲೇಬಲ್

ಕಪ್ಪು ಕಾಗದದ ಪಟ್ಟಿ ಸರಿಯಾಗಿ ಕೆಲಸಕ್ಕೆ ಬಂದದ್ದು ಚಿಪ್ಸಿನಲ್ಲಿ. ಪಾರದರ್ಶಕ ಕವರಿನ ನಡುವೆ ಎರಡು ಬೆರಳಗಲದ ಪಟ್ಟಿ ಅಂಟಿಸಿ ಕಿಟಕಿಯಲ್ಲಿ ತೂಗಿದ್ದು. ಆರನೇ ದಿನ ಪಟ್ಟಿ ಕಿತ್ತಾಗ ಅಡಿಯಲ್ಲಿದ್ದ ಬಿಲ್ಲೆಗಳು ಹಳದಿ, ಅಕ್ಕಪಕ್ಕದವು ಒಣಹುಲ್ಲು. ಪಟ್ಟಿಯ ಅಂಚಿಗೆ ಸಿಕ್ಕ ಒಂದು ಬಿಲ್ಲೆಯಲ್ಲಿ ಗೆರೆ ಎಳೆದ ಹಾಗೆ ಎರಡು ಬಣ್ಣ. ಕರ್ಕ್ಯುಮಿನ್ ಎಣ್ಣೆಯ ಬಿಸಿ ತಡೆಯುತ್ತದೆ, ಬೆಳಕು ತಡೆಯುವುದಿಲ್ಲ. ಅಂಗಡಿಯವರು ಕವರನ್ನು ಎದುರಿಗೇ ತೂಗುವುದು ಬಿಡಲಾರರು, ಆದ್ದರಿಂದ ಬೆಳ್ಳಿ ಒಳಪದರದ ಕವರು, ಹಿಂಬದಿಯಲ್ಲಿ ಒಂದು ಸಣ್ಣ ಕಿಟಕಿ. ಸಿರಪ್ಪಿಗೆ ಕಂದು ಗಾಜಿನ ಬಾಟಲಿ, ಕುತ್ತಿಗೆವರೆಗೆ ತುಂಬಿ.

ಲೇಬಲ್ಲಿಗೆ ಬೇಕಾದ, ಬಣ್ಣಗಳ ಗುರುತಿನ ಸಂಖ್ಯೆಗಳು: ಕರ್ಕ್ಯುಮಿನ್ 100, ಅನಾಟೊ 160ಬಿ, ಬೀಟ್ ಕೆಂಪು 162, ಆಂಥೋಸಯನಿನ್ 163. ಬಣ್ಣಕ್ಕೆಂದೇ ಸೇರಿಸಿದ್ದರೆ ಅನುಮತಿಯ ನೈಸರ್ಗಿಕ ಬಣ್ಣ ಇದೆ ಎಂದು ಸಂಖ್ಯೆ ಸಮೇತ ಅಚ್ಚಾಗಬೇಕು. ಪುನರ್ಪುಳಿ ಸಿರಪ್ಪಿನಲ್ಲಿ ಬಣ್ಣ ಹಣ್ಣಿನದೇ, ಅಲ್ಲಿ ಪದಾರ್ಥಗಳ ಸಾಲಿನಲ್ಲಿ ಪುನರ್ಪುಳಿ, ಸಕ್ಕರೆ ಎಂದರೆ ಮುಗಿಯಿತು.

ಪ್ರತಿ ಬ್ಯಾಚಿನಿಂದ ಒಂದು ಬಾಟಲಿ, ಒಂದು ಪೊಟ್ಟಣ ಕತ್ತಲೆಯ ಕಪಾಟಿಗೆ. ಮೇಲೆ ತಾರೀಕು, ಪಿಎಚ್, ಬ್ರಿಕ್ಸ್, ಯಾವ ನೀರು ಎಂದು ಬರೆದ ಚೀಟಿ. ಬಣ್ಣ ಹೋಗಿದೆ ಎಂದು ಪೊಟ್ಟಣ ವಾಪಸು ಬಂದಾಗ ಮೊದಲು ತೆರೆಯುವುದು ಆ ಕಪಾಟು. ಒಳಗಿನದು ಸರಿಯಿದ್ದರೆ ತಪ್ಪು ಬೆಳಕಿನದು, ಒಳಗಿನದೂ ಮಾಸಿದ್ದರೆ ಚೀಟಿಯ ಪಿಎಚ್ ನೋಡಿ.